ಕ್ಯಾಂಟೀನ್ ದಿನದ ಬಿಪಿ ತಪಾಸಣೆ

ಹಳೆಯ ಸೈನಿಕರಿಗೆ "ಆರೋಗ್ಯ ಹೇಗಿದೆ?" ಅಂತ ಕೇಳಿದರೆ ಉತ್ತರ ಒಂದೇ: "ಏಕ್‌ದಂ ಫಿಟ್." ಮಂಡಿ ಊದಿರುತ್ತದೆ, ಆದರೂ ಫಿಟ್. ನಾನು ಆರ್ಮಿ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು. ನಿವೃತ್ತನಾಗಿ ಕೊಡಗಿಗೆ ಬಂದ ಮೇಲೆ ಸುತ್ತಮುತ್ತಲಿನ ಹಿರಿಯ ಫೌಜಿಗಳನ್ನು ವಿಚಾರಿಸಿಕೊಳ್ಳುತ್ತಾ ಬಂದಿದ್ದೇನೆ. ಆ ಪ್ರಶ್ನೆಯನ್ನು ಬೇಗ ಬಿಟ್ಟುಬಿಟ್ಟೆ.

ಈಗ ಕೇಳುವುದು, "ತೋಟದಲ್ಲಿ ಎಲ್ಲಿವರೆಗೆ ಹೋಗಿ ಬರ್ತೀರಿ? ರಾತ್ರಿ ಎಷ್ಟು ಸಲ ಏಳ್ತೀರಿ?" ಮೊದಲು ಹೊಳೆಯವರೆಗೆ ಇಳಿಯುತ್ತಿದ್ದವರು ಈಗ ಕಾಫಿ ಕಣದಿಂದಲೇ ವಾಪಸ್ ಬರುತ್ತಾರೆ ಅಂದರೆ ವಿಷಯ ಗೊತ್ತಾಯ್ತಲ್ವಾ. ಮನೆಯವರನ್ನೂ ಜೊತೆಗೆ ಕೂರಿಸಿಕೊಳ್ಳುತ್ತೇನೆ. ಎಷ್ಟೋ ಸಲ ನಿಜವಾದ ಉತ್ತರ ಕೊಡುವವರು ಅವರೇ.

ತಪಾಸಣಾ ಶಿಬಿರ ಅಂದರೆ ಬರುವವರು ಕಡಿಮೆ. ಫೌಜಿಗಳಿಗೆ ಕಡಿಮೆ ದರದಲ್ಲಿ ಸಾಮಾನು, ರಮ್ ಸಿಗುವ ಮಿಲಿಟರಿ ಕ್ಯಾಂಟೀನ್‌ಗೆ ಮಾತ್ರ ಜಡಿಮಳೆಯಲ್ಲೂ ಬರುತ್ತಾರೆ. ಹಾಗಾಗಿ ಅವರು ಸಾಮಾನಿಗೆ ಬರುವ ದಿನವೇ ಬಿಪಿ ಯಂತ್ರ, ಗ್ಲುಕೋಮೀಟರ್ ಇಟ್ಟುಕೊಂಡು ಹತ್ತಿರದಲ್ಲಿ ಕೂರುತ್ತೇನೆ. ಐದು ನಿಮಿಷ ಸುಮ್ನೆ ಕೂರಿಸಿ ಒಮ್ಮೆ ಬಿಪಿ ನೋಡುತ್ತೇನೆ, ಎದ್ದು ನಿಂತ ಮೇಲೆ ಇನ್ನೊಮ್ಮೆ. ನಿಂತಾಗ ಮೇಲಿನ ಅಂಕಿ 20ರಷ್ಟು ಇಳಿದರೆ ತಲೆ ತಿರುಗಿ ಬೀಳುವ ಅಪಾಯ ಜಾಸ್ತಿ. ಪ್ರಾಸ್ಟೇಟ್‌ಗೆ ಕೊಡುವ ಕೆಲವು ಮಾತ್ರೆಗಳೂ ಹೀಗೆ ಬಿಪಿ ಇಳಿಸುತ್ತವೆ. ಮಾತ್ರೆ ನಾನು ಬದಲಾಯಿಸುವುದಿಲ್ಲ. ಎರಡೂ ಅಂಕಿ ಚೀಟಿಯಲ್ಲಿ ಬರೆದು ಪಾಲಿಕ್ಲಿನಿಕ್ ಡಾಕ್ಟರರಿಗೆ ತೋರಿಸಲು ಹೇಳುತ್ತೇನೆ. ರಮ್ ವಿಷಯವನ್ನೂ ಆಗಲೇ ಎತ್ತುತ್ತೇನೆ. ಗದರಿಸಿದರೆ ಮುಂದಿನ ಸಲ ಆ ಕಡೆಯೇ ಸುಳಿಯುವುದಿಲ್ಲ. ನಿದ್ರೆ ಮಾತ್ರೆ ತಗೊಂಡ ರಾತ್ರಿ ಗ್ಲಾಸ್ ಮುಟ್ಟಬೇಡಿ ಅಂತ ಕಾರಣ ಸಮೇತ ಹೇಳಿದರೆ ಕೇಳುತ್ತಾರೆ.

ತೋಪಖಾನೆಯಲ್ಲಿದ್ದ ಹಲವರಿಗೆ ಕಿವಿ ಮಂದ. ಫಿರಂಗಿ ಸದ್ದಿಗೆ ಒಳಗಿವಿಯ ಸೂಕ್ಷ್ಮ ಕೋಶಗಳು ಹಾಳಾದರೆ ಮತ್ತೆ ಬೆಳೆಯುವುದಿಲ್ಲ. ಕೇಳಿಸದವರು ಮೆಲ್ಲಗೆ ಮದುವೆಮನೆ, ಸಂಘದ ಸಭೆ ಎಲ್ಲ ಬಿಡುತ್ತಾರೆ. ಮನೆಯವರು ಅದನ್ನು ವಯಸ್ಸಿನ ಸಿಡುಕು ಅಂದುಕೊಳ್ಳುತ್ತಾರೆ. ನನಗೆ ಅತಿ ನೋವು ಕೊಡುವುದು ಇದೇ. ಶ್ರವಣ ಯಂತ್ರ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಮೂಲಕವೇ ಸಿಗುತ್ತದೆ. ಸಿಕ್ಕ ಮೇಲೂ ಮೊದಲ ವಾರಗಳಲ್ಲಿ ಪಕ್ಕದಲ್ಲಿ ಯಾರಾದರೂ ಬೇಕು, ಇಲ್ಲದಿದ್ದರೆ ಅದು ಪೆಟ್ಟಿಗೆ ಸೇರುತ್ತದೆ.

1971ರ ಯುದ್ಧ, 1987ರ ನಂತರದ ಶ್ರೀಲಂಕಾ ಕಾರ್ಯಾಚರಣೆ ನೋಡಿದವರಲ್ಲಿ ಕೆಲವರು ಈಗಲೂ ರಾತ್ರಿ ಬೆಚ್ಚಿ ಏಳುತ್ತಾರೆ. ನಾನಾಗಿ ಕೆದಕುವುದಿಲ್ಲ. ಯಾವ ಪಲ್ಟನ್, ಎಲ್ಲಿ ಪೋಸ್ಟಿಂಗ್ ಅಂತ ಶುರುಮಾಡಿ, ಅವರು ಹೇಳಿದಷ್ಟು ಕೇಳುತ್ತೇನೆ. ನಿದ್ರೆ ಪೂರ್ತಿ ಕೆಟ್ಟಿದ್ದರೆ, ಬದುಕು ಬೇಡ ಎನ್ನುವ ಮಾತು ಬಂದರೆ ತಡಮಾಡದೆ ಮಾನಸಿಕ ತಜ್ಞರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಕಾಗದಪತ್ರವೂ ಆರೋಗ್ಯದ ಭಾಗವೇ. ಇಸಿಎಚ್‌ಎಸ್ ಶುರುವಾದದ್ದು 2003ರ ಏಪ್ರಿಲ್‌ನಲ್ಲಿ. ಅದಕ್ಕಿಂತ ಮೊದಲೇ ಪಿಂಚಣಿಗೆ ಬಂದವರಲ್ಲಿ ಕೆಲವರು ಸದಸ್ಯರೇ ಆಗಿರುವುದಿಲ್ಲ. ಪಿಂಚಣಿದಾರರು ಬದುಕಿದ್ದಾರೆ ಅಂತ ವರ್ಷಕ್ಕೊಮ್ಮೆ ಕೊಡಬೇಕಾದ ಜೀವನ ಪ್ರಮಾಣಕ್ಕೆ ಸವೆದ ಬೆರಳಚ್ಚು ಹಿಡಿಯದಿದ್ದರೆ ಮೊಬೈಲಿನಲ್ಲಿ ಮುಖ ತೋರಿಸಿ ಮಾಡಿಸುತ್ತೇನೆ. ಪತಿ ತೀರಿಕೊಂಡ ಮನೆಗೆ ತಪ್ಪದೆ ಹೋಗುತ್ತೇನೆ. ಕುಟುಂಬ ಪಿಂಚಣಿ ಪಡೆಯುವ ಪತ್ನಿಗೂ ಚಿಕಿತ್ಸೆಯ ಹಕ್ಕು ಇದೆ. ಎಷ್ಟೋ ಹೆಂಗಸರು ಯಜಮಾನರ ಜೊತೆಗೇ ಅದೂ ಮುಗಿಯಿತು ಅಂದುಕೊಂಡು, ಬಿಪಿ ಮಾತ್ರೆಯನ್ನು ಕೈಯಿಂದ ದುಡ್ಡು ಹಾಕಿ ಕೊಳ್ಳುತ್ತಿರುತ್ತಾರೆ.