ಕಾಸರಗೋಡಿನಿಂದ ಬಿ.ಎಸ್ಸಿ. ನರ್ಸಿಂಗ್: ಅರ್ಜಿಯಿಂದ ಉದ್ಯೋಗದವರೆಗೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ, ಪ್ಲಸ್ ಟುವಿಗೆ ಜೀವಶಾಸ್ತ್ರವಿರುವ ವಿಜ್ಞಾನ ವಿಭಾಗವನ್ನು ಆಯ್ದುಕೊಂಡವರಿಗೆ ಬಿ.ಎಸ್ಸಿ. ನರ್ಸಿಂಗ್ ಸೇರಲು ಕೇರಳ, ಕರ್ನಾಟಕ ಎರಡರಲ್ಲೂ ದಾರಿಯಿದೆ. ಆದರೆ ಅರ್ಜಿ ಹಾಕುವ ಕಾಲ ಬೇರೆ ಬೇರೆ. ಕೇರಳದಲ್ಲಿ ತಿರುವನಂತಪುರದ ಎಲ್‌ಬಿಎಸ್ ಸೆಂಟರ್ ಎಂಬ ಸರಕಾರಿ ಸಂಸ್ಥೆ ಪ್ಲಸ್ ಟು ಅಂಕಗಳ ಆಧಾರದಲ್ಲಿ ರ‍್ಯಾಂಕ್ ಪಟ್ಟಿ ತಯಾರಿಸಿ ಸೀಟು ಹಂಚುತ್ತಾ ಬಂದಿದೆ. ಕರ್ನಾಟಕದಲ್ಲಿ ಪರೀಕ್ಷಾ ಪ್ರಾಧಿಕಾರ ನಡೆಸುವ ಪ್ರವೇಶ ಪರೀಕ್ಷೆಯಾದ ಸಿಇಟಿ ಬರೆಯಬೇಕು, ಅದರ ಅರ್ಜಿಯನ್ನು ಸಾಮಾನ್ಯವಾಗಿ ಪ್ಲಸ್ ಟು ವಾರ್ಷಿಕ ಪರೀಕ್ಷೆಗೆ ಮೊದಲೇ ಕರೆಯುತ್ತಾರೆ. ಫಲಿತಾಂಶ ಬಂದ ಮೇಲೆ ನೋಡೋಣ ಎಂದು ಕುಳಿತವರು ಕರ್ನಾಟಕದ ಸರಕಾರಿ ಸೀಟಿನ ಅವಕಾಶವನ್ನು ಕಳೆದುಕೊಂಡು, ಕೊನೆಗೆ ಮ್ಯಾನೇಜ್‌ಮೆಂಟ್ ಸೀಟಿಗೆ ಹಣ ಹೊಂದಿಸಲು ಓಡಾಡುವುದು ನಮ್ಮ ಕಡೆ ಮತ್ತೆ ಮತ್ತೆ ಕಾಣುವ ಸಂಗತಿ.

ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ವಿದ್ಯಾರ್ಥಿಗಳು ಸಿಇಟಿಯಲ್ಲಿ ಗಡಿನಾಡ ಕನ್ನಡಿಗರೆಂಬ ನೆಲೆಯಲ್ಲಿ ಅರ್ಹತೆ ಕೇಳಬಹುದು. ಇದಕ್ಕೆ ಕನ್ನಡ ಭಾಷಾ ಪರೀಕ್ಷೆಯಲ್ಲಿ ಉತ್ತೀರ್ಣರಾಗುವುದು ಕಡ್ಡಾಯ. ಪರೀಕ್ಷೆ ಕಠಿಣವಲ್ಲ, ದಾಖಲೆ ಹೊಂದಿಸುವುದೇ ಕಷ್ಟ. ಗ್ರಾಮ ಕಚೇರಿ, ತಾಲೂಕು ಕಚೇರಿಗಳಿಂದ ಪಡೆಯುವ ವಾಸ್ತವ್ಯದ ಪ್ರಮಾಣಪತ್ರ ಹಾಗೂ ಶಾಲೆಯಲ್ಲಿ ಓದಿದ ವಿವರಗಳು ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಕೇಳಿದ ನಮೂನೆಯಲ್ಲೇ ಇರಬೇಕಾಗುತ್ತದೆ. ಮಲಯಾಳದಲ್ಲಿ ಬರೆದ ಪ್ರಮಾಣಪತ್ರವನ್ನು ಬೆಂಗಳೂರಿಗೆ ಒಯ್ದು ಪೇಚಾಡುವುದಕ್ಕಿಂತ ಮೊದಲೇ ಇಂಗ್ಲಿಷಿನಲ್ಲಿ ಪಡೆದುಕೊಳ್ಳುವುದು ಲೇಸು.

ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಒಟ್ಟು ಕನಿಷ್ಠ ಶೇ. 45 ಅಂಕ ಬಂದಿರಬೇಕು, ಇಂಗ್ಲಿಷಿನಲ್ಲಿ ಉತ್ತೀರ್ಣರಾಗಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 40 ಸಾಕು. ರಾಜ್ಯಗಳು ಇದಕ್ಕಿಂತ ಹೆಚ್ಚು ಅಂಕ ಕೇಳಬಹುದು. ಬೇರೆ ವಿಭಾಗದಲ್ಲಿ ಓದಿದವರಿಗೆ ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಆದ ಜಿಎನ್‌ಎಂ ಇದೆ.

ಮಂಗಳೂರು, ದೇರಳಕಟ್ಟೆಯ ಖಾಸಗಿ ಕಾಲೇಜುಗಳಿಗೆ ಸೇರುವವರು ವಿಶ್ವವಿದ್ಯಾಲಯದ ಸಂಯೋಜನೆ ಮತ್ತು ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆ ಆ ವರ್ಷಕ್ಕೂ ಇದೆಯೇ ಎಂಬುದನ್ನು ಕಾಲೇಜಿನವರ ಮಾತಿನಿಂದಲ್ಲ, ಆಯಾ ಸಂಸ್ಥೆಯ ಪಟ್ಟಿಯಿಂದಲೇ ಖಚಿತಪಡಿಸಿಕೊಳ್ಳಬೇಕು. ಪೋಸ್ಟಿಂಗ್ (ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಕಲಿಯುವ ಪಾಳಿ) ಯಾವ ಆಸ್ಪತ್ರೆಯಲ್ಲಿ, ಅಲ್ಲಿನ ವಾರ್ಡುಗಳಲ್ಲಿ ರೋಗಿಗಳು ಎಷ್ಟಿರುತ್ತಾರೆ ಎಂದು ಅಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳನ್ನೇ ಕೇಳಿರಿ. ಕಟ್ಟಡ ಎಷ್ಟೇ ಚೆಂದವಿರಲಿ, ಹೆರಿಗೆ ಕೋಣೆಯಲ್ಲಿ ಹೆರಿಗೆಯೇ ಅಪರೂಪವಾದರೆ ಕಲಿಯುವುದು ಹೇಗೆ? ಮೂಲ ಅಂಕಪಟ್ಟಿಗಳನ್ನು ಕಾಲೇಜಿನಲ್ಲಿ ಬಿಟ್ಟುಬರಬೇಡಿ. ಪರಿಶೀಲಿಸಿ ಹಿಂದಿರುಗಿಸಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರಲ್ಲೇ ಸೂಚಿಸಿದೆ.

ನಾಲ್ಕು ವರ್ಷದ ಎಂಟು ಸೆಮಿಸ್ಟರುಗಳಲ್ಲಿ ಮೊದಲನೆಯದೇ ಹೆಚ್ಚಿನವರನ್ನು ಕಂಗೆಡಿಸುತ್ತದೆ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ನರ್ಸಿಂಗ್‌ನ ಮೂಲತತ್ತ್ವಗಳು ಎಲ್ಲವೂ ಇಂಗ್ಲಿಷಿನಲ್ಲಿ ಒಟ್ಟಿಗೇ ಬರುತ್ತವೆ. ಪಾಠವನ್ನು ಮೊದಲು ಕನ್ನಡದಲ್ಲಿ ಯೋಚಿಸಿ ಅರ್ಥಮಾಡಿಕೊಂಡು, ಬಳಿಕ ಇಂಗ್ಲಿಷಿನಲ್ಲಿ ಚಿತ್ರ ಬರೆದು ಹೆಸರು ಗುರುತಿಸುವ ಅಭ್ಯಾಸ ಬಾಯಿಪಾಠಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಪರೀಕ್ಷೆಗೆ ಕೂರಲು ಪ್ರತಿ ವಿಷಯದಲ್ಲಿ ಶೇ. 80 ಹಾಜರಾತಿ ಬೇಕು, ಪದವಿ ಪಡೆಯುವ ಮೊದಲು ಪ್ರಾಯೋಗಿಕ ಪೋಸ್ಟಿಂಗ್‌ಗಳು ಶೇ. 100 ಪೂರ್ಣಗೊಂಡಿರಬೇಕು. ಆದ್ದರಿಂದ ಊರಿನ ನೇಮ, ಮದುವೆಗಳಿಗೆಂದು ರಜೆ ಹಾಕುವಾಗ ಲೆಕ್ಕವಿರಲಿ.

ಲೆಕ್ಕದ ಮಾತು ಬಂದಾಗ ಇದನ್ನೂ ಹೇಳಬೇಕು. ಜೀವಶಾಸ್ತ್ರ ತೆಗೆದುಕೊಂಡರೆ ಗಣಿತ ತಪ್ಪಿತು ಎಂದುಕೊಂಡವರಿಗೆ ವಾರ್ಡಿನಲ್ಲಿ ಅದು ಪುನಃ ಎದುರಾಗುತ್ತದೆ. 1000 ಮಿ.ಲೀ. ಡ್ರಿಪ್ ಅನ್ನು 8 ಗಂಟೆಯಲ್ಲಿ ಕೊಡಬೇಕು, ಅದರ ಕೊಳವೆಯ ಸೆಟ್‌ನಲ್ಲಿ ಒಂದು ಮಿ.ಲೀ.ಗೆ 20 ಹನಿ ಎಂದಿಟ್ಟುಕೊಳ್ಳೋಣ. ಒಟ್ಟು 20,000 ಹನಿಗಳನ್ನು 480 ನಿಮಿಷಗಳಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಗಡಿಯಾರ ನೋಡುತ್ತಾ ಹನಿ ಎಣಿಸಿ, ಹನಿಯ ವೇಗ ಹೊಂದಿಸುವ ರೋಲರನ್ನು ಸರಿಪಡಿಸುವುದು ಕೈಗೆ ಹತ್ತುವವರೆಗೆ ದಿನವೂ ಇಂಥ ಒಂದೆರಡು ಲೆಕ್ಕ ಮಾಡುವುದು ಒಳ್ಳೆಯದು. ಮೊದಲ ಪೋಸ್ಟಿಂಗ್‌ಗೆ ಮುಂಚೆಯೇ ಹೆಪಟೈಟಿಸ್ ಬಿ ಲಸಿಕೆಯನ್ನು ಆರಂಭಿಸಿರಿ. ಮೂರು ಡೋಸು ಮುಗಿಯಲು ಆರು ತಿಂಗಳು ಬೇಕು. ಸೂಜಿ ಚುಚ್ಚಿದರೆ ಸೋಪು ನೀರಿನಿಂದ ತೊಳೆದು, ಬೈಯುತ್ತಾರೆಂದು ಮುಚ್ಚಿಡದೆ, ತಕ್ಷಣ ವಾರ್ಡಿನ ಮೇಲ್ವಿಚಾರಕರಿಗೆ ತಿಳಿಸಬೇಕು.

ಗಡಿನಾಡಿನ ವಿದ್ಯಾರ್ಥಿಗಳಿಗೆ ಇತರರಿಗಿಲ್ಲದ ಒಂದು ಬಲವಿದೆ, ಅದನ್ನು ಅವರೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಕೇಳುತ್ತಾ ಬೆಳೆದವರು ರೋಗಿಯ ಪೂರ್ವವೃತ್ತಾಂತ ಕೇಳುವಾಗ ದುಭಾಷಿಯನ್ನು ಹುಡುಕಬೇಕಾಗಿಲ್ಲ. ನೋವು ಎಲ್ಲಿ, ಎಂದಿನಿಂದ, ಯಾವ ಮದ್ದು ತೆಗೆದುಕೊಂಡಿರಿ, ಯಾವುದಾದರೂ ಮದ್ದು ಒಗ್ಗುವುದಿಲ್ಲವೇ ಎಂಬ ಪ್ರಶ್ನೆಗಳನ್ನು ಈ ಭಾಷೆಗಳಲ್ಲಿ ಗೌರವದಿಂದ ಕೇಳಲು ರೂಢಿ ಮಾಡಿಕೊಳ್ಳಿ. ಮಲಯಾಳ ಮಾತಾಡಲು ಬಂದರೂ ಓದಲು ಬಾರದವರು ಲಿಪಿಯನ್ನು ಕಲಿಯುವುದು ಅಗತ್ಯ, ಯಾಕೆಂದರೆ ಕೇರಳದ ಆಸ್ಪತ್ರೆಗಳ ಸೂಚನಾಪತ್ರಗಳು ಹೆಚ್ಚಾಗಿ ಅದರಲ್ಲೇ ಇರುತ್ತವೆ. ಸಮುದಾಯ ಆರೋಗ್ಯದ ಪೋಸ್ಟಿಂಗ್‌ನಲ್ಲಿ ಈ ಬಲ ಇನ್ನಷ್ಟು ಉಪಯೋಗಕ್ಕೆ ಬರುತ್ತದೆ. ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಸಾಂತ್ವನ ಆರೈಕೆಗೆಂದು ಕೇರಳವು 2008ರಲ್ಲಿ ನೀತಿಯನ್ನು ಪ್ರಕಟಿಸಿತು. ಎಣ್ಮಕಜೆಯಂಥ, ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತವಾದ ಪಂಚಾಯತುಗಳಲ್ಲಿ ಮನೆ ಮನೆಗೆ ಹೋಗುವ ದಾದಿಯರೊಂದಿಗೆ ನಡೆಯಲು ಅವಕಾಶ ಸಿಕ್ಕಿದರೆ ಬಿಡಬೇಡಿ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ವಯಸ್ಸಾದ ತಾಯಿಯೊಬ್ಬಳಿಗೆ ಅವಳ ಮನೆಯ ಚಾಪೆ, ದಿಂಬುಗಳನ್ನೇ ಬಳಸಿ ತೋರಿಸಿಕೊಡುವುದನ್ನು ಯಾವ ಲ್ಯಾಬೂ ಕಲಿಸಲಾರದು.

ಪದವಿ ಮುಗಿದೊಡನೆ ಓದಿದ ರಾಜ್ಯದ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಬೇಕು. ಕರ್ನಾಟಕದಲ್ಲಿ ಓದಿ ಕೇರಳದಲ್ಲಿ ಕೆಲಸ ಮಾಡುವವರು ಮೊದಲು ಕರ್ನಾಟಕದಲ್ಲಿ ನೋಂದಾಯಿಸಿ, ಅನಂತರ ಕೇರಳದ ಕೌನ್ಸಿಲ್‌ಗೆ ಅರ್ಜಿ ಹಾಕಬೇಕಾದ್ದರಿಂದ ಕೆಲವು ತಿಂಗಳು ಕೈಯಲ್ಲಿರಲಿ. ಏಮ್ಸ್ ನಡೆಸುವ ನಾರ್‌ಸೆಟ್ ಎಂಬ ನೇಮಕಾತಿ ಪರೀಕ್ಷೆ, ಕೇರಳ ಪಿಎಸ್‌ಸಿಯ ನರ್ಸಿಂಗ್ ಆಫೀಸರ್ ಪರೀಕ್ಷೆಗಳಿಗೆ ಇಂಟರ್ನ್‌ಶಿಪ್ ಇರುವ ಎಂಟನೆಯ ಸೆಮಿಸ್ಟರಿನಿಂದಲೇ ಓದತೊಡಗುವುದು ಸೂಕ್ತ.

ಗಲ್ಫ್‌ಗೆ ಹೋಗುವ ಆಸೆ ನಮ್ಮ ಜಿಲ್ಲೆಯಲ್ಲಿ ಸಹಜ. ವಲಸೆ ಅನುಮತಿ ಬೇಕಾದ ದೇಶಗಳಿಗೆ ದಾದಿಯರ ನೇಮಕಾತಿ 2015ರಿಂದ ಕೇರಳದ ನೋರ್ಕಾ ರೂಟ್ಸ್, ಒಡೆಪೆಕ್‌ನಂಥ ಸರಕಾರಿ ಸಂಸ್ಥೆಗಳ ಮೂಲಕ ನಡೆಯಬೇಕೆಂಬ ನಿಯಮ ಬಂದಿದೆ. ಜರ್ಮನಿಗೆ ನೋರ್ಕಾದ ಟ್ರಿಪಲ್ ವಿನ್ ಎಂಬ ನೇಮಕಾತಿ ಯೋಜನೆಯಿದ್ದು, ಅದಕ್ಕೆ ಜರ್ಮನ್ ಭಾಷೆ ಕಲಿಯಬೇಕು. ಖಾಸಗಿ ಏಜೆಂಟರು ಮುಂಗಡ ಕೇಳಿದರೆ ಹಣ ಕೊಡುವ ಮೊದಲು ಅವರ ಪರವಾನಗಿ ಸಂಖ್ಯೆಯನ್ನು ಕೇಂದ್ರ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಿ, ಸಂಬಳ ಮತ್ತು ಕರಾರಿನ ಅವಧಿಯನ್ನು ಬರಹದಲ್ಲಿ ಪಡೆದುಕೊಳ್ಳಿ.