ಮುಕ್ಕಾಲು ಸೆಕೆಂಡಿನ ಕಟ್ಟಡ

ಮೂರು ಮೀಟರ್ ಎತ್ತರದಿಂದ ಕಲ್ಲು ಬಿಟ್ಟರೆ ನೆಲ ಮುಟ್ಟಲು 0.78 ಸೆಕೆಂಡು ಸಾಕು. ಅಷ್ಟು ಹೊತ್ತಿನ ದೃಶ್ಯಕ್ಕಾಗಿ ನಾವು ಐದು ಜನ ಏಳು ವಾರ ದುಡಿದೆವು. ಹಾಗೆ ದುಡಿದು ಕಟ್ಟಿದ ಕಟ್ಟಡ ಮೊದಲ ಸಲ ಕುಸಿಯಲೇ ಇಲ್ಲ. ಕಡಿದ ಮರದ ಹಾಗೆ ಇಡಿಯಾಗಿ ಪಕ್ಕಕ್ಕೆ ಮಲಗಿಬಿಟ್ಟಿತು.

ಸಿನಿಮಾಗಳಿಗೆ ಮಿನಿಯೇಚರ್, ಅಂದರೆ ಅಳತೆಗೆ ತಕ್ಕ ಪುಟ್ಟ ಮಾದರಿಗಳನ್ನು ಮಾಡಿಕೊಡುವುದು ನನ್ನ ಕಸುಬು. ಕಂಪ್ಯೂಟರ್ ಗ್ರಾಫಿಕ್ಸ್ ಬಂದ ಮೇಲೆ ಇದು ಸತ್ತೇ ಹೋಯಿತು ಅಂದುಕೊಂಡವರೇ ಹೆಚ್ಚು. ಕೆಲಸ ಕಡಿಮೆಯಾಗಿದೆ, ಸುಳ್ಳಲ್ಲ. ಆದರೂ ಧೂಳು, ಚೂರು, ಬೆಳಕು ಮೂರೂ ಒಂದೇ ಕಡೆ ಬೆರೆಯಬೇಕಾದಾಗ ಈಗಲೂ ಫೋನ್ ಬರುತ್ತದೆ. ಈ ಸಲ ಬಂದದ್ದು ಒಂದು ಸೈನ್ಸ್ ಫಿಕ್ಷನ್ ಆ್ಯಕ್ಷನ್ ಚಿತ್ರಕ್ಕೆ. ನಿಯಂತ್ರಣ ತಪ್ಪಿದ ಅಂತರಿಕ್ಷ ನೌಕೆ ಹದಿನಾಲ್ಕು ಅಂತಸ್ತಿನ ಕಟ್ಟಡದ ನೆತ್ತಿ ಸವರಿಕೊಂಡು ಹೋಗಬೇಕು, ಕಟ್ಟಡ ಕುಸಿಯಬೇಕು.

"ಮಾದರಿ ಎಷ್ಟು ದೊಡ್ಡದಿದ್ದರೆ ನಿಜ ಅನ್ನಿಸುತ್ತೆ?" ಎಂದು ನಿರ್ದೇಶಕರು ಕೇಳಿದರು. ಎಲ್ಲರೂ ಕೇಳುವುದು ಇದನ್ನೇ.

"ಗಾತ್ರದ ಮಾತು ಆಮೇಲೆ ಸರ್. ಎಷ್ಟು ನಿಧಾನ ಬೀಳಬೇಕು ಅನ್ನೋದನ್ನ ಮೊದಲು ನೋಡೋಣ" ಎಂದೆ.

ನಾನು ಮಾತು ಹಾರಿಸುತ್ತಿದ್ದೇನೆ ಅಂದುಕೊಂಡಿರಬೇಕು. ಕಾಗದ ತೆಗೆದು ಲೆಕ್ಕ ತೋರಿಸಿದೆ. 48 ಮೀಟರ್ ಎತ್ತರದ ನಿಜವಾದ ಕಟ್ಟಡದ ತುದಿಯಿಂದ ಕಲ್ಲೊಂದು ಬಿದ್ದರೆ, ಗಾಳಿಯ ತಡೆ ಲೆಕ್ಕಕ್ಕಿಡದೆ, ನೆಲ ಸೇರಲು 3.13 ಸೆಕೆಂಡು. ನಮ್ಮ ಮಾದರಿ ಅದರ ಹದಿನಾರರಲ್ಲೊಂದು ಪಾಲು, ಅಂದರೆ 3 ಮೀಟರ್. ಬೀಳುವ ಹೊತ್ತು ಮಾತ್ರ ಹದಿನಾರರಲ್ಲೊಂದು ಪಾಲಾಗುವುದಿಲ್ಲ, ನಾಲ್ಕರಲ್ಲೊಂದಾಗುತ್ತದೆ. ಅದು ಎತ್ತರದ ವರ್ಗಮೂಲವನ್ನು ಹಿಡಿದು ನಡೆಯುತ್ತದೆ. ಕಟ್ಟಡವನ್ನು ಎಷ್ಟು ಬೇಕಾದರೂ ಚಿಕ್ಕದು ಮಾಡಬಹುದು, ಗುರುತ್ವವನ್ನು ಮಾಡಲಾಗದು. ಆದ್ದರಿಂದ ಸೆಕೆಂಡಿಗೆ 24 ಫ್ರೇಮಿನ (ಬಿಡಿ ಚಿತ್ರಗಳ) ಬದಲು 96 ಫ್ರೇಮ್ ಚಿತ್ರಿಸಿ, 24ರ ವೇಗದಲ್ಲಿ ತೋರಿಸಬೇಕು. ಆಗ ಮುಕ್ಕಾಲು ಸೆಕೆಂಡು ಪರದೆಯ ಮೇಲೆ ಮೂರು ಸೆಕೆಂಡಾಗಿ ಹಿಗ್ಗುತ್ತದೆ.

ನೋಡುವವರಿಗೆ ವರ್ಗಮೂಲ ಗೊತ್ತಿರಬೇಕಿಲ್ಲ. ಹುಟ್ಟಿದಾಗಿನಿಂದ ಬೀಳುವ ವಸ್ತುಗಳನ್ನು ನೋಡುತ್ತ ಬಂದ ಕಣ್ಣು ಅದು. ಬೇಗ ಬಿದ್ದದ್ದು ಚಿಕ್ಕದು, ನಿಧಾನ ಬಿದ್ದದ್ದು ದೊಡ್ಡದು ಎಂದು ತಾನೇ ತೀರ್ಮಾನಿಸುತ್ತದೆ. 1954ರ ಜಪಾನಿನ ದೈತ್ಯಪ್ರಾಣಿಯ ಚಿತ್ರ 'ಗಾಡ್ಜಿಲ್ಲಾ'ದಲ್ಲಿ ವಿಶೇಷ ದೃಶ್ಯಗಳನ್ನು ಮಾಡಿದ ಎಯ್ಜಿ ತ್ಸುಬುರಾಯ ನಂಬಿದ್ದೂ ಇದನ್ನೇ. ರಬ್ಬರ್ ವೇಷದೊಳಗೆ ನಡೆದವನು ಒಬ್ಬ ಮನುಷ್ಯ. ಹೆಚ್ಚು ಫ್ರೇಮಿನ ವೇಗದಲ್ಲಿ ಹಿಡಿದಿದ್ದರಿಂದ ಅವನ ಹೆಜ್ಜೆಗೆ ಬೆಟ್ಟದ ಭಾರ ಬಂತು.

ಲೆಕ್ಕ ಇಷ್ಟು ಚೆನ್ನಾಗಿ ಗೊತ್ತಿದ್ದವನು ಇನ್ನೊಂದು ಲೆಕ್ಕ ಮರೆತಿದ್ದೆ.

ಮೊದಲ ಕಟ್ಟಡವನ್ನು ಅಚ್ಚುಕಟ್ಟಾಗಿ ಕಟ್ಟಿದ್ದೆವು. ಪ್ಲಾಸ್ಟರ್ ಕಂಬ, ಪ್ಲಾಸ್ಟರ್ ಸ್ಲ್ಯಾಬ್, ಒಳಗೆ ಆಧಾರಕ್ಕೆ ಮರದ ಪಟ್ಟಿ. ತಳಮಹಡಿಯ ಕಂಬಗಳನ್ನು ತಂತಿ ಕಟ್ಟಿ ಎಳೆದೆವು. ಮೇಲಿನ ಹದಿಮೂರು ಅಂತಸ್ತು ಒಂದಕ್ಕೊಂದು ಕೈ ಹಿಡಿದುಕೊಂಡು ಬಾಗಿ, ಪೆಟ್ಟಿಗೆಯಂತೆ ನೆಲಕ್ಕೆ ಬಡಿಯಿತು. ಎರಡು ಕಿಟಕಿ ಒಡೆದವು. ಯಾರೂ ಮಾತಾಡಲಿಲ್ಲ. ತಂಡದ ಅತಿ ಕಿರಿಯ ಹುಡುಗ ಮಾತ್ರ "ಅಣ್ಣಾ, ಇದು ಭೂಕಂಪಕ್ಕೂ ಜಗ್ಗಲ್ಲ ಬಿಡಿ" ಎಂದ.

ಅವನ ಮಾತು ನಿಜವಾಗಿತ್ತು. ಅಳತೆ ಹದಿನಾರು ಪಟ್ಟು ಕುಗ್ಗಿದಾಗ ಕಂಬದ ಅಡ್ಡಕೊಯ್ತದ ವಿಸ್ತೀರ್ಣ 256 ಪಟ್ಟು ಕುಗ್ಗುತ್ತದೆ. ತೂಕ ಕುಗ್ಗುವುದು 4096 ಪಟ್ಟು. ಕಂಬದ ಬಲ ವಿಸ್ತೀರ್ಣಕ್ಕೆ ಅಂಟಿಕೊಂಡದ್ದು, ಹೊರೆ ತೂಕಕ್ಕೆ ಅಂಟಿಕೊಂಡದ್ದು. ಹಾಗಾಗಿ ಅದೇ ಪದಾರ್ಥದಲ್ಲಿ ಕಟ್ಟಿದರೆ ಪುಟ್ಟ ಕಟ್ಟಡ ತನ್ನ ಹೊರೆಗೆ ಹೋಲಿಸಿದಾಗ ದೊಡ್ಡದಕ್ಕಿಂತ ಹದಿನಾರು ಪಟ್ಟು ಗಟ್ಟಿ. ಇರುವೆ ತನಗಿಂತ ದೊಡ್ಡ ಕಾಳು ಹೊತ್ತು ನಡೆಯುವುದರ ಹಿಂದೆಯೂ ಇದೇ ಲೆಕ್ಕ. ನಾನು ಇರುವೆ ಕಟ್ಟಿ ಆನೆಯ ಹಾಗೆ ಕುಸಿ ಎಂದಿದ್ದೆ.

ಎರಡನೆಯದನ್ನು ಸೋಲುವುದಕ್ಕೆಂದೇ ಕಟ್ಟಿದೆವು. ಪ್ಲಾಸ್ಟರಿಗೆ ಮರದ ಹೊಟ್ಟು ಮತ್ತು ಪರ್ಲೈಟ್ ಎಂಬ ಹಗುರವಾದ ಖನಿಜದ ಹರಳು ಸೇರಿಸಿ, ಹಿಸುಕಿದರೆ ಬೆರಳಲ್ಲೇ ಪುಡಿಯಾಗುವಷ್ಟು ದುರ್ಬಲ ಮಾಡಿದೆವು. ಇದಕ್ಕೆ ಸಿದ್ಧಸೂತ್ರವಿಲ್ಲ. ಹೊಟ್ಟು ಹೆಚ್ಚಾದರೆ ಅಚ್ಚಿನಿಂದ ಬಿಡಿಸುವಾಗಲೇ ಸ್ಲ್ಯಾಬ್ ಮುರಿಯುತ್ತದೆ, ಕಡಿಮೆಯಾದರೆ ಬಿದ್ದರೂ ಬಿರುಕು ಬಿಡುವುದಿಲ್ಲ. ಹತ್ತಿಪ್ಪತ್ತು ತುಂಡು ಎರಕ ಹೊಯ್ದು, ಮೇಜಿನ ಎತ್ತರದಿಂದ ಕೆಡವಿ ನೋಡಿ ಹದ ಹಿಡಿದೆವು. ಹಿಂಬದಿಯಲ್ಲಿ, ಕ್ಯಾಮೆರಾಗೆ ಕಾಣದ ಕಡೆ, ಪ್ರತಿ ಸ್ಲ್ಯಾಬಿಗೂ ಗರಗಸದ ಗೀರು ಹಾಕಿದೆವು. ಒಡೆಯುವಾಗ ಗೀರು ಹಿಡಿದೇ ಒಡೆಯುತ್ತದೆ. ಆದರೆ ಗೀರುಗಳನ್ನು ಚೌಕಚೌಕವಾಗಿ ಹಾಕಿದರೆ ಚೂರುಗಳೂ ಬಿಸ್ಕತ್ತಿನಂತೆ ಚೌಕವಾಗಿಯೇ ಬೀಳುತ್ತವೆ. ಕಣ್ಣು ಮುಚ್ಚಿಕೊಂಡು ಗೀಚಿದ ಹಾಗೆ ಗೀಚಬೇಕು. ನೀಟಾಗಿ ಕೆಲಸ ಮಾಡಿ ಅಭ್ಯಾಸವಾದವರಿಗೆ ಇದು ಕಷ್ಟ. ಕೊನೆಗೆ ಆ ಕೆಲಸವನ್ನು ಕಿರಿಯ ಹುಡುಗನಿಗೇ ಕೊಟ್ಟೆ.

ಚೂರುಗಳ ಬಗ್ಗೆ ಇನ್ನೊಂದು ಮಾತು. ನಿಜವಾದ ಕಟ್ಟಡ ಬಿದ್ದಾಗ ಕೋಣೆಯಷ್ಟು ದೊಡ್ಡ ಬಂಡೆಯಿಂದ ಹಿಡಿದು ಹಿಟ್ಟಿನಷ್ಟು ನುಣುಪಾದ ಪುಡಿಯವರೆಗೆ ಎಲ್ಲ ಅಳತೆಯದೂ ಇರುತ್ತದೆ. ಮಾದರಿಯಲ್ಲಿ ನಡುವಿನ ಅಳತೆಯದು ಸಿಗುವುದೇ ಇಲ್ಲ. ದಪ್ಪ ಚೂರು, ಇಲ್ಲವೇ ಪುಡಿ. ಅದಕ್ಕೇ ಮೊದಲ ಕಟ್ಟಡದ ಅವಶೇಷವನ್ನು ಕುಟ್ಟಿ, ಮೂರು ಬಗೆಯ ಜರಡಿಯಲ್ಲಿ ಸೋಸಿ, ಒಂದೊಂದು ಅಂತಸ್ತಿನ ಒಳಗೂ ತುಂಬಿಟ್ಟೆವು. ಧೂಳಿಗೆ ಮುಲ್ತಾನಿ ಮಿಟ್ಟಿ. ಮುಖಕ್ಕೆ ಹಚ್ಚಿಕೊಳ್ಳುವ ಅದೇ ಮಣ್ಣು ಸಿನಿಮಾ ಧೂಳಿನ ಹಳೆಯ ಸರಕು. ಹಗುರ, ನುಣುಪು, ಗಾಳಿಯಲ್ಲಿ ನಿಲ್ಲುತ್ತದೆ. ಮೂಗಿಗೆ ಒಳ್ಳೆಯದಲ್ಲ, ಮಾಸ್ಕ್ ಇಲ್ಲದೆ ಯಾರನ್ನೂ ಒಳಗೆ ಬಿಡಲಿಲ್ಲ. ಸ್ಲ್ಯಾಬಿನೊಳಗೆ ಕಬ್ಬಿಣದ ಕಂಬಿಗಳ ಬದಲು ಕೂದಲೆಳೆಯಂಥ ತಾಮ್ರದ ತಂತಿ ಹೂತೆವು. ಒಡೆದ ಅಂಚಿನಿಂದ ಅವು ಸೊಟ್ಟಪಟ್ಟವಾಗಿ ಹೊರಬಂದಾಗ ಕಾಂಕ್ರೀಟು ಅಂತ ಯಾರಾದರೂ ನಂಬಬೇಕು.

ಕಿಟಕಿ ಗಾಜಿಗೆ ಸೂಕ್ಷ್ಮದರ್ಶಕದ ಕವರ್ ಸ್ಲಿಪ್. ಅದರ ದಪ್ಪ ಸುಮಾರು 0.15 ಮಿಲಿಮೀಟರ್. ಹದಿನಾರರಿಂದ ಗುಣಿಸಿದರೆ 2.4, ನಿಜವಾದ ತೆಳು ಕಿಟಕಿ ಗಾಜಿನ ದಪ್ಪಕ್ಕೆ ಹತ್ತಿರ. ಪ್ಲಾಸ್ಟಿಕ್ ಹಾಳೆ ಬಾಗುತ್ತದೆ, ಗಾಜು ಒಡೆಯುತ್ತದೆ. ಅಷ್ಟೇ ವ್ಯತ್ಯಾಸ, ಅದೇ ಎಲ್ಲ. ಕಚೇರಿ ಕಾಗದಗಳೂ ಹಾರಲಿ ಎಂದು ಟಿಶ್ಯೂ ಕತ್ತರಿಸಿ ಇಟ್ಟಿದ್ದೆ. ಪರೀಕ್ಷೆಯಲ್ಲಿ ನೋಡಿದರೆ ಕಟ್ಟಡವೆಲ್ಲ ಭಾರವಾಗಿ ಬೀಳುತ್ತಿದೆ, ಕಾಗದ ಮಾತ್ರ ಚಿಟ್ಟೆಯ ಹಾಗೆ ತೇಲುತ್ತ ಗುಟ್ಟು ರಟ್ಟು ಮಾಡುತ್ತಿದೆ. ಗಾಳಿ ನಮ್ಮ ಅಳತೆಗೆ ಕುಗ್ಗುವುದಿಲ್ಲ. ತೆಗೆದುಹಾಕಿದೆ.

ನೀರಿನ ಕಥೆಯೂ ಹಾಗೆಯೇ. ಕಟ್ಟಡದ ನೆತ್ತಿಯ ಮೇಲಿನ ನೀರಿನ ಟ್ಯಾಂಕ್ ಒಡೆಯಲಿ ಎಂದು ನಿರ್ದೇಶಕರು ಆಸೆಪಟ್ಟರು. ಆಗದು ಎಂದೆ. ನೀರಿನ ಮೇಲ್ಮೈ ಎಳೆತ ಹನಿಯ ಗಾತ್ರವನ್ನು ತಾನೇ ಗೊತ್ತುಮಾಡುತ್ತದೆ. ನಮ್ಮ ಸ್ಕೇಲಿನಲ್ಲಿ ಒಂದೊಂದು ಹನಿಯೂ ನಿಂಬೆಹಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಬೆಂಕಿಯ ನಾಲಿಗೆಗೂ ಇದೇ ಕಾಯಿಲೆ. ಅವೆರಡನ್ನೂ ಗ್ರಾಫಿಕ್ಸ್‌ನವರು ಆಮೇಲೆ ಸೇರಿಸಿದರು, ಚೆನ್ನಾಗಿಯೇ ಸೇರಿಸಿದರು.

ಬೆಳಕು ನಮ್ಮನ್ನು ಬೇರೊಂದು ರೀತಿಯಲ್ಲಿ ಸತಾಯಿಸಿತು. 24ರಿಂದ 96 ಫ್ರೇಮಿಗೆ ಹೋದರೆ ಒಂದೊಂದು ಫ್ರೇಮಿಗೆ ಸಿಗುವ ಬೆಳಕು ಕಾಲು ಪಾಲು. ಅದರ ಮೇಲೆ, ಹತ್ತಿರದಿಂದ ಹಿಡಿದ ಮಾದರಿಯಲ್ಲಿ ಮುಂದಿನದು ಸ್ಪಷ್ಟ, ಹಿಂದಿನದು ಮಸುಕಾದರೆ ಆಟಿಕೆ ಎಂದು ತಕ್ಷಣ ತಿಳಿದುಬಿಡುತ್ತದೆ. ಎಲ್ಲವೂ ಸ್ಪಷ್ಟವಾಗಬೇಕಾದರೆ ಲೆನ್ಸಿನ ಕಿಂಡಿ ಕಿರಿದು ಮಾಡಬೇಕು. ಎಫ್ 2.8ರಿಂದ ಎಫ್ 11ಕ್ಕೆ ಹೋದೆವು (ಈ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ಅಲ್ಲಿಗೆ ಇನ್ನೂ ಹದಿನಾರು ಪಟ್ಟು. ಎರಡೂ ಗುಣಿಸಿದರೆ 64 ಪಟ್ಟು ಹೆಚ್ಚು ಬೆಳಕು ಬೇಕು. ದೀಪಗಳನ್ನು ಹಚ್ಚಿ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಬಾಲ್ಕನಿಯ ಪ್ಲಾಸ್ಟಿಕ್ ಕಂಬಿಗಳು ಮೆತ್ತಗಾಗಿ ಜೋತುಬಿದ್ದವು. ಅವನ್ನು ಹಿತ್ತಾಳೆಯಲ್ಲಿ ಮತ್ತೆ ಮಾಡಿದೆವು. ಆಮೇಲೆ ದೀಪ ಹಚ್ಚುವುದು ಕೊನೆಯ ಎರಡು ನಿಮಿಷಕ್ಕೆ ಮಾತ್ರ ಎಂದು ನಿಯಮ ಮಾಡಿದೆ.

ಕ್ಯಾಮೆರಾವನ್ನು ನೆಲದಿಂದ ಹತ್ತು ಸೆಂಟಿಮೀಟರ್ ಎತ್ತರದಲ್ಲಿ ಇಟ್ಟೆವು. 1.6 ಮೀಟರ್ ಎತ್ತರದ ಕಣ್ಣಿಗೆ ಅದೇ ಸರಿಸಮ. ಮಾದರಿಯ ಮೇಲೆ ಕ್ಯಾಮೆರಾ ತೂಗಾಡಿಸುವ ಆಸೆ ಎಲ್ಲ ಛಾಯಾಗ್ರಾಹಕರಿಗೂ ಇರುತ್ತದೆ. ಬೀದಿಯಲ್ಲಿ ನಿಂತು ಓಡಲೂ ಆಗದವನ ಕಣ್ಣಿನಿಂದ ನೋಡಿದಾಗಲೇ ಭಯ.

ಇನ್ನು ನೌಕೆ. ಅದರ ಲೆಕ್ಕ ಪೂರ್ತಿ ತಿರುಗುಮುರುಗು. ಅದು ಬೀಳುವುದಿಲ್ಲ, ಧೂಳೆಬ್ಬಿಸುವುದಿಲ್ಲ, ಅದರ ಮೈಮೇಲೆ ಚಲಿಸುವುದೇನೂ ಇಲ್ಲ. ಆದ್ದರಿಂದ ಅವಸರವೂ ಇಲ್ಲ. ಕಿಂಡಿಯನ್ನು ಪೂರ್ತಿ ಕಿರಿದು ಮಾಡಿ, ಒಂದೊಂದು ಫ್ರೇಮಿಗೂ ಸೆಕೆಂಡುಗಟ್ಟಲೆ ಬೆಳಕು ಕುಡಿಸಬಹುದು. 1968ರ '2001: ಎ ಸ್ಪೇಸ್ ಒಡಿಸ್ಸಿ'ಯ ನೌಕೆಗಳು ಹಾಗೆಯೇ ಆದವು. 1977ರ 'ಸ್ಟಾರ್ ವಾರ್ಸ್'ಗೆ ಜಾನ್ ಡೈಕ್‌ಸ್ಟ್ರಾ ತಂಡ ಮಾಡಿದ ಯಂತ್ರ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಕ್ಯಾಮೆರಾದ ಚಲನೆಯನ್ನು ನೆನಪಿಟ್ಟುಕೊಂಡು, ಎಷ್ಟು ಸಲ ಬೇಕಾದರೂ ಅದೇ ದಾರಿಯಲ್ಲಿ ಅದೇ ರೀತಿ ನಡೆಸುವ ಮೋಷನ್ ಕಂಟ್ರೋಲ್. ನಮ್ಮ ನೌಕೆಗೂ ಅದೇ ಉಪಾಯ. ಮುಖ್ಯ ಬೆಳಕಿನದು ಒಂದು ಪಾಸ್ (ಅದೇ ದಾರಿಯಲ್ಲಿ ಒಂದು ಸುತ್ತಿನ ಚಿತ್ರೀಕರಣ), ಎಂಜಿನ್ನಿನ ಹೊಳಪಿಗೆ ಇನ್ನೊಂದು, ಕಿಟಕಿ ದೀಪಗಳಿಗೆ ಮತ್ತೊಂದು, ಹೊರಗೆರೆ ಕತ್ತರಿಸಿಕೊಳ್ಳಲು ಮಾಸ್ಕಿನದು ಒಂದು. ಮೈಮೇಲಿನ ಪೈಪು, ಗುಬುಟುಗಳನ್ನೆಲ್ಲ ಟ್ಯಾಂಕ್, ವಿಮಾನಗಳ ಆಟಿಕೆ ಕಿಟ್ಟುಗಳಿಂದ ಕಿತ್ತು ಅಂಟಿಸಿದ್ದು. ಈ ಕಸುಬಿನ ಹಳೆಯ ಚಾಳಿ ಅದು.

ಎರಡು ಪಾಸ್ ಮುಗಿದು ಮೂರನೆಯದು ನಡೆಯುವಾಗ ನಿದ್ದೆಗಣ್ಣಿನಲ್ಲಿ ನಾನೇ ಕ್ಯಾಮೆರಾದ ಹಳಿಯ ಮೇಲೆ ಕೈ ಊರಿದೆ. ಒಂದು ಮಿಲಿಮೀಟರೂ ಸರಿದಿರಲಿಕ್ಕಿಲ್ಲ. ಬೆಳಿಗ್ಗೆ ಪಾಸುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಕಿಟಕಿಗಳ ಬೆಳಕು ಕಿಟಕಿಯಿಂದ ಹೊರಗಿತ್ತು. ಇಡೀ ರಾತ್ರಿಯ ಕೆಲಸ ಮತ್ತೆ ಮಾಡಬೇಕಾಯಿತು. ಆಮೇಲೆ ಹಳಿಯ ಸುತ್ತ ಹಗ್ಗ ಕಟ್ಟಿದರು. ನನ್ನನ್ನು ತಡೆಯುವುದಕ್ಕೇ.

ಕುಸಿತದ ದಿನ ಹೆಚ್ಚು ಹೇಳುವಂಥದ್ದೇನೂ ನಡೆಯಲಿಲ್ಲ. ಕಂಬಗಳನ್ನು ಎಳೆಯುವ ತಂತಿಗಳನ್ನು ಒಟ್ಟಿಗೆ ಎಳೆಯದೆ, ಒಂದರ ಹಿಂದೊಂದು ಸೆಕೆಂಡಿನ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆ ಅಂತರದಲ್ಲಿ ಬಿಡುವಂತೆ ಟೈಮರ್‌ಗೆ ಜೋಡಿಸಿದ್ದೆವು. ಮನುಷ್ಯರ ಕೈಗೆ ಅಷ್ಟು ಚುರುಕಿಲ್ಲ. ಕೋಣೆಯ ತುಂಬ ತೆಳುವಾಗಿ ಹೊಗೆ ಬಿಟ್ಟೆವು, ಹಿಂದಿನ ಗೋಡೆಗಳು ದೂರದವೆಂಬಂತೆ ಮಂಕಾಗಲಿ ಎಂದು. ಮೂರು ಕ್ಯಾಮೆರಾ. ದೀಪ ಹತ್ತಿತು. ಏನೋ ಸದ್ದಾಯಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಎದುರಿಗೆ ಧೂಳಿನ ಗೋಡೆ. ಬರಿಗಣ್ಣಿಗೆ ಯಾರೋ ಚೀಲ ಕೊಡವಿದಂತೆ ಕಂಡಿತು. ನಿರ್ದೇಶಕರ ಮುಖ ಸಣ್ಣದಾಯಿತು.

"ಮಾನಿಟರ್ ನೋಡಿ ಸರ್."

ಅಲ್ಲಿ ಹದಿನಾಲ್ಕು ಅಂತಸ್ತು ತನ್ನ ಭಾರ ತಾನೇ ತಾಳಲಾರದೆ ಮಂಡಿಯೂರಿತು. ಅಂತಸ್ತಿನ ಮೇಲೆ ಅಂತಸ್ತು ಕುಳಿತುಕೊಳ್ಳುತ್ತ ಹೋಯಿತು, ತಾಮ್ರದ ತಂತಿಗಳು ಹೊರಚಾಚಿದವು. ಅವರು ಇನ್ನೊಮ್ಮೆ ಹಾಕಿ ಎಂದರು, ಮತ್ತೆ ಇನ್ನೊಮ್ಮೆ.

ಎಡಿಟಿಂಗ್ ಮುಗಿದ ಮೇಲೆ ಚಿತ್ರದಲ್ಲಿ ಉಳಿದದ್ದು 41 ಫ್ರೇಮ್, ಎರಡು ಸೆಕೆಂಡೂ ಇಲ್ಲ. ಮಧ್ಯೆ ನಾಯಕಿಯ ಮುಖ ತೋರಿಸಬೇಕಿತ್ತಂತೆ. ಕವರ್ ಸ್ಲಿಪ್ ಕಿಟಕಿಗಳು ಒಡೆಯುವ ಭಾಗ ಪೂರ್ತಿ ಹೋಯಿತು. ಆ ಹೊತ್ತಿಗೆ ನಾವು ಅವಶೇಷವನ್ನೆಲ್ಲ ಗುಡಿಸಿ, ಗಾಜು ಆರಿಸಿ ತೆಗೆದು, ಮೂರು ಜರಡಿಯಲ್ಲಿ ಸೋಸಿ, ಬಕೆಟ್ಟುಗಳಲ್ಲಿ ತುಂಬಿ ಚೀಟಿ ಅಂಟಿಸಿದ್ದೆವು: ದಪ್ಪ, ನಡು, ಪುಡಿ. ಮುಂದಿನ ಚಿತ್ರದಲ್ಲಿ ಒಂದು ಸೇತುವೆ ಬೀಳಬೇಕಿದೆ.