ಮನೆಯಲ್ಲೇ ಮರಿ ಮಾಡಿಸುವುದು: 21 ದಿನ ಕೈ ಸುಮ್ಮನಿರಲಿ

ಕೋಳಿ ಗೂಡು ಬಿಟ್ಟು ಏಳುತ್ತಿಲ್ಲ, ಹತ್ತಿರ ಹೋದರೆ ಪುಕ್ಕ ಕೆದರಿ ಗುರ್ ಎನ್ನುತ್ತದೆ, ಕೈ ಹಾಕಿದರೆ ಕುಕ್ಕುತ್ತದೆ. ಅಂದ್ರೆ ಕಾವಿಗೆ ಬಂದಿದೆ, ತತ್ತಿ ಇಟ್ಟರೆ 21 ದಿನ ಕೂತು ಮರಿ ಮಾಡುತ್ತದೆ. ನಮ್ಮ ವಿಜಯಪುರ ಜಿಲ್ಲೆಯ ಇಂಡಿ ಕಡೆ ಜವಾರಿ (ನಾಟಿ) ಕೋಳಿ ಸಾಕುವವರಿಗೆ ಇದಕ್ಕಿಂತ ಅಗ್ಗದಲ್ಲಿ ಮರಿ ಎಲ್ಲೂ ಸಿಗಲ್ಲ. ಗಿರಿರಾಜ ಎಂಬ ಸುಧಾರಿತ ತಳಿಯ ಕೋಳಿ ಸಾಕಿದವರಿಗೆ ಈ ಭಾಗ್ಯ ಕಡಿಮೆ. ಅದು ಕಾವಿಗೆ ಕೂರುವ ಜಾತಿಯಲ್ಲ, ಅದರ ತತ್ತಿಯನ್ನೂ ಜವಾರಿ ಕೋಳಿಯ ಕೆಳಗೇ ಇಡಬೇಕು.

ಮೊದಲು ತತ್ತಿ ಆರಿಸಿ. ಹುಂಜ ಇಲ್ಲದ ಮನೆಯ ತತ್ತಿ ತಂದಿಟ್ಟರೆ ಪಾಪ ಕೋಳಿಯನ್ನು 21 ದಿನ ಸುಮ್ನೆ ಉಪವಾಸ ಕೂರಿಸಿದಂತೆ. ವಾರದೊಳಗಿನ ತತ್ತಿಯೇ ಬೇಕು, ತೀರಾ ಸಣ್ಣದು, ಬಿರುಕು ಬಿಟ್ಟದ್ದು ಬೇಡ. ತೊಳೆಯಬೇಡಿ, ಫ್ರಿಜ್‌ನಲ್ಲಿ ಇಡಬೇಡಿ. ಚೂಪು ತುದಿ ಕೆಳಗೆ ಮಾಡಿ ಜೋಳದ ಡಬ್ಬಿಯಲ್ಲಿ ನಿಲ್ಲಿಸಿದರೆ ಸಾಕು. ಬೇಸಿಗೆಯ ಕಥೆ ಮಾತ್ರ ಬೇರೆ. ವಿಜಯಪುರದ ಬಿಸಿಲು 40 ಡಿಗ್ರಿ ದಾಟಿದಾಗ ಇಟ್ಟಲ್ಲೇ ತತ್ತಿಯೊಳಗೆ ಜೀವ ಅರ್ಧಂಬರ್ಧ ಬೆಳೆಯಲು ಶುರುವಾಗಿ ಸಾಯುತ್ತದೆ, ಆಮೇಲೆ ಕೋಳಿ ಎಷ್ಟು ಕಾವು ಕೊಟ್ಟರೂ ಅಷ್ಟೇ. ನಾನಂತೂ ಏಪ್ರಿಲ್, ಮೇನಲ್ಲಿ ಕೂರಿಸುವುದೇ ಇಲ್ಲ. ದೀಪಾವಳಿಯಿಂದ ಶಿವರಾತ್ರಿವರೆಗೆ ಒಳ್ಳೆಯ ಕಾಲ.

ಅಗಲ ಬುಟ್ಟಿಯ ತಳಕ್ಕೆ ಒಲೆಯ ಬೂದಿ ಹರಡಿ, ಅದರ ಮೇಲೆ ಒಣಹುಲ್ಲು, ನಡುವೆ ಒಂದು ಹಿಡಿ ಬೇವಿನ ಸೊಪ್ಪು. ಇದು ಹೇನಿಗೆ. ಹೇನು ಹತ್ತಿದ ಕೋಳಿ ಹತ್ತನೇ ದಿನಕ್ಕೋ ಹನ್ನೆರಡನೇ ದಿನಕ್ಕೋ ಎದ್ದು ಹೋಗಿಬಿಡುತ್ತದೆ, ಎಲ್ಲಾ ತತ್ತಿ ಹಾಳು. 10ರಿಂದ 12 ತತ್ತಿ ಸಾಕು. ಎದೆಯ ಕೆಳಗೆ ಮುಚ್ಚುವಷ್ಟೇ ಇಡಿ, ಆಸೆ ಬೀಳಬೇಡಿ. ಪ್ರತಿ ತತ್ತಿಗೂ ಪೆನ್ಸಿಲ್‌ನಿಂದ ಒಂದು ಗೆರೆ ಹಾಕಿ, ಯಾಕಂದ್ರೆ ಬೇರೆ ಕೋಳಿಗಳು ಬಂದು ಅದೇ ಬುಟ್ಟಿಯಲ್ಲಿ ತಮ್ಮದನ್ನೂ ಇಟ್ಟು ಹೋಗುತ್ತವೆ. ಕತ್ತಲಾದ ಮೇಲೆ ಕೂರಿಸಿ, ಆಗ ಗಲಾಟೆ ಮಾಡಲ್ಲ. ಕಾಳು, ನೀರು ಹತ್ತಿರವೇ ಇರಲಿ. ದಿನಕ್ಕೊಮ್ಮೆ ಎದ್ದು ತಿಂದು, ಹಿಕ್ಕೆ ಹಾಕಿ, ಬೂದಿಯಲ್ಲಿ ಹೊರಳಾಡಿ ವಾಪಸ್ ಬರುತ್ತದೆ. ತತ್ತಿ ಹೊರಳಿಸುವ ಕೆಲಸ ನಿಮ್ಮದಲ್ಲ, ಅದರದು.

ಏಳನೇ ರಾತ್ರಿ ಕತ್ತಲ ಕೋಣೆಯಲ್ಲಿ ತತ್ತಿಯ ದಪ್ಪ ತುದಿಗೆ ಮೊಬೈಲ್ ಟಾರ್ಚ್ ಒತ್ತಿ ನೋಡಿ. ಒಂದು ಕಪ್ಪು ಚುಕ್ಕೆ, ಅದರ ಸುತ್ತ ಜೇಡನ ಕಾಲಿನಂತೆ ಕೆಂಪು ನರಗಳು ಕಂಡರೆ ಜೀವ ಇದೆ. ಬರೀ ತಿಳಿ ಹಳದಿ ಬೆಳಕು ಬಂದರೆ ತೆಗೆದುಬಿಡಿ, ಇಲ್ಲದಿದ್ರೆ ಅದು ಕೊಳೆತು ಬುಟ್ಟಿಯಲ್ಲೇ ಒಡೆದರೆ ಆ ವಾಸನೆ ವಾರಗಟ್ಟಲೆ ಹೋಗಲ್ಲ.

18ನೇ ದಿನದಿಂದ ಮುಟ್ಟಬೇಡಿ. ನಾನು ಮೊದಲ ಸಲ ಮಾಡಿದ ತಪ್ಪು ಇಲ್ಲೇ. 21ನೇ ದಿನ ಬೆಳಿಗ್ಗೆ ಒಂದು ತತ್ತಿಗೆ ಸಣ್ಣ ತೂತು ಬಿದ್ದಿತ್ತು, ಒಳಗಿಂದ ಚೀಂವ್ ಚೀಂವ್ ಅನ್ನುತ್ತಿತ್ತು, ಮಧ್ಯಾಹ್ನವಾದರೂ ಹೊರಗೆ ಬರಲಿಲ್ಲ. "ಮುಟ್ಟಬ್ಯಾಡ, ಅದರ ಪಾಡಿಗಿ ಅದನ್ನ ಬಿಡು" ಅಂತ ಅವ್ವ ಹೇಳಿದರೂ ಕೇಳದೆ ಉಗುರಿನಿಂದ ಚಿಪ್ಪು ಸುಲಿದೆ. ಒಳಪೊರೆಯ ನರ ಹರಿದು ರಕ್ತ ಬಂತು, ಸಂಜೆಯೊಳಗೆ ಮರಿ ಸತ್ತಿತು. ತೂತು ಬಿದ್ದ ಮೇಲೆ ಪೂರ್ತಿ ಒಡೆಯಲು ಒಂದು ದಿನವೇ ಹಿಡಿಯಬಹುದು. ಆ ಹೊತ್ತಿನಲ್ಲಿ ಪೊರೆಯ ರಕ್ತ, ಹೊಟ್ಟೆಗೆ ಅಂಟಿದ ಹಳದಿ ಲೋಳೆ ಎಲ್ಲಾ ಮರಿಯ ಮೈಯೊಳಗೆ ಸೇರುತ್ತಿರುತ್ತವೆ.

ಕೋಳಿ ಇಲ್ಲದೆ ಪೆಟ್ಟಿಗೆಗೆ ಬಲ್ಬ್ ಹಾಕಿ ಮಾಡುವವರೂ ಇದ್ದಾರೆ. 37.5 ಡಿಗ್ರಿ ಬಿಡದೆ ಇರಬೇಕು, ಬಟ್ಟಲಲ್ಲಿ ನೀರಿಡಬೇಕು, 18ನೇ ದಿನದವರೆಗೆ ದಿನಕ್ಕೆ ಮೂರರಿಂದ ಐದು ಸಲ ತತ್ತಿ ಹೊರಳಿಸಬೇಕು. ಹಳ್ಳಿಯ ಕರೆಂಟ್ ನಂಬಿ ಇದಕ್ಕೆ ಕೈ ಹಾಕಬೇಡಿ ಅಂತೀನಿ.

ಮರಿ ಹುಟ್ಟಿದ ಕೂಡಲೇ ಕಾಳು ಹಾಕುವ ಅವಸರ ಬೇಡ. ಹೊಟ್ಟೆಯಲ್ಲಿ ಉಳಿದ ಆ ಹಳದಿಯೇ ಎರಡು ದಿನ ಸಾಕಾಗುತ್ತದೆ. ಮೈ ಒಣಗಿದ ಮೇಲೆ ಮೊದಲು ನೀರು ಕೊಡಿ, ಚಿಟಿಕೆ ಬೆಲ್ಲ ಕದಡಿದರೂ ಸರಿ. ತಟ್ಟೆ ಆಳ ಇರಬಾರದು. ಒಳಗೆ ಸಣ್ಣ ಕಲ್ಲು ಹರಡಿ, ಇಲ್ಲವಾದರೆ ಮರಿ ಬಿದ್ದು ಮುಳುಗುತ್ತವೆ. ಆಮೇಲೆ ಜೋಳದ ಸಣ್ಣ ನುಚ್ಚು, ಜೊತೆಗೆ ಬೇಯಿಸಿದ ತತ್ತಿಯ ಹಳದಿ ಪುಡಿ. ಬರೀ ನುಚ್ಚಿನಲ್ಲಿ ಬೆಳೆಯಲ್ಲ. ಅಂಗಡಿಯ ಸ್ಟಾರ್ಟರ್ ಫೀಡ್ (ಎಳೆ ಮರಿಗಳ ಸಿದ್ಧ ಆಹಾರ) ಸಿಕ್ಕರೆ ಬೆರೆಸಿ, ಸಿಗದಿದ್ರೆ ಗೆದ್ದಲು ಹಿಡಿದು ಹಾಕಿ, ಅದಕ್ಕೆ ಹೇಗೆ ಮುಗಿಬೀಳುತ್ತವೆ ನೋಡಿ.

ತಾಯಿ ಇದ್ದರೆ ಬಿಸಿಯ ಚಿಂತೆ ಇಲ್ಲ. ಇಲ್ಲದಿದ್ದರೆ ಬಲ್ಬ್ ಕೆಳಗೆ ಮೊದಲ ವಾರ ಸುಮಾರು 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಥರ್ಮಾಮೀಟರ್ ಇಲ್ವಾ? ಮರಿಗಳನ್ನೇ ನೋಡಿ. ಬಲ್ಬ್ ಕೆಳಗೆ ಒಂದರ ಮೇಲೊಂದು ಬಿದ್ದರೆ ಚಳಿ, ಮೂಲೆಗೆ ಓಡಿ ಬಾಯಿ ತೆರೆದು ತೇಕಿದರೆ ಸೆಕೆ. ಕೆಳಗಿನ ಹೊಟ್ಟು ಒದ್ದೆಯಾದರೆ ಅವತ್ತೇ ಬದಲಿಸಿ. ರಕ್ತ ಬೆರೆತ ಹಿಕ್ಕೆ ಕಂಡರೆ ತಡಮಾಡದೆ ಪಶು ವೈದ್ಯರಿಗೆ ತೋರಿಸಿ. ಹಗಲು ಹದ್ದು, ಕಾಗೆ, ರಾತ್ರಿ ಬೆಕ್ಕು. ಒಂದು ತಿಂಗಳಾದರೂ ಬುಟ್ಟಿ ಬೋರಲು ಹಾಕಿ ಮೇಲೆ ಕಲ್ಲಿಡುವುದು ಮರೆಯಬೇಡಿ.

ಕೊನೆಯದಾಗಿ ಲಸಿಕೆ. ಕೋಳಿಯಿಂದ ಕೋಳಿಗೆ ಹರಡುವ ರಾಣಿಖೇತ್ ರೋಗ ಬಂದರೆ ಓಣಿಗೆ ಓಣಿಯೇ ಖಾಲಿ. ಐದರಿಂದ ಏಳನೇ ದಿನದೊಳಗೆ ಅದರ ಲಸಿಕೆ ಲಸೋಟಾ ಒಂದು ಹನಿ ಕಣ್ಣಿಗೋ ಮೂಗಿಗೋ ಬಿಡಬೇಕು, ನಾಲ್ಕನೇ ವಾರಕ್ಕೆ ಇನ್ನೊಂದು ಸಲ. ಸೀಸೆ ಒಂದರಲ್ಲಿ 100 ಮರಿಗಾಗುವಷ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಇರುತ್ತದೆ, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ನಿಮ್ಮ ಹತ್ತು ಮರಿಗೆ ಅಷ್ಟೆಲ್ಲಾ ಯಾಕೆ? ಮುಂಚಿನ ದಿನವೇ ಅಕ್ಕಪಕ್ಕದ ಮನೆಯವರಿಗೆ ಹೇಳಿಟ್ಟು, ಐಸ್ ಡಬ್ಬಿಯಲ್ಲಿ ತಂದು, ಎಲ್ಲರ ಮರಿಗೂ ಒಂದೇ ಸಲ ಹಾಕಿಬಿಡಿ.